ಕುಟುಂಬದ ಗಂಟೆಗೆ ಬದಲಿ ಆಳು

ಪುಟ್ಟ ಮಕ್ಕಳ ತಳಿರು ಯೋಜನೆಯ ಕೇಂದ್ರದಲ್ಲಿ ಎಲ್ಲವೂ ಪುಕ್ಕಟೆ. ಮೊಟ್ಟೆ ಪುಕ್ಕಟೆ, ಹಾಲು ಪುಕ್ಕಟೆ, ವರ್ಷಕ್ಕೆ ಎರಡು ಜೊತೆ ಬಟ್ಟೆ ಪುಕ್ಕಟೆ. ತಿಂಗಳಿಗೊಮ್ಮೆ ಬರುವ ಡಾಕ್ಟರು ಪುಕ್ಕಟೆ. ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವ ಹುಡುಗಿಯೂ ಪುಕ್ಕಟೆ. ಹೆತ್ತವರು ಕೊಡಬೇಕಾದದ್ದು ಒಂದು ಗಂಟೆ ಮಾತ್ರ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಒಂಬತ್ತರಿಂದ ಹತ್ತು. ತಾಯಿಯೋ ತಂದೆಯೋ ಬಂದು ಮಗುವಿನ ಪಕ್ಕ ಚಾಪೆಯ ಮೇಲೆ ಕೂರಬೇಕು. ಅದಕ್ಕೆ ಕುಟುಂಬದ ಗಂಟೆ ಎಂದು ಹೆಸರು.

ಆ ಗಂಟೆಗೆ ಒಬ್ಬೊಬ್ಬರಿಗೆ ಒಂದೊಂದು ಬೆಲೆ. ಬ್ಯಾಂಕಿನವನಿಗೆ ಮ್ಯಾನೇಜರ ಹತ್ತಿರ ಒಂದು ಮಾತು. ಹೊಲಿಗೆಯವಳಿಗೆ ಒಂದು ರವಿಕೆ. ಮನೆಯಲ್ಲೇ ಇರುವ ಹೆಂಗಸಿಗೆ ಅರ್ಧ ಗಂಟೆ ತಡವಾದ ಅಡುಗೆ. ಬೀದಿ ಗುಡಿಸುವ ತುಳಸಿಮಣಿಗೆ ಇಡೀ ದಿನದ ಕೂಲಿ. ಒಂಬತ್ತೂವರೆಗೆ ಮೇಸ್ತ್ರಿ ಬೈಕಿನಲ್ಲಿ ಬಂದು, ಪೊರಕೆ ಕೈಯಲ್ಲಿರುವಂತೆ ಪ್ರತಿಯೊಬ್ಬಳ ಫೋಟೊ ಹೊಡೆಯುತ್ತಾನೆ. ಫೋಟೊದಲ್ಲಿ ಇಲ್ಲದವಳು ಐದೂವರೆಯಿಂದ ಗುಡಿಸಿದ್ದೂ ಇಲ್ಲ, ಹನ್ನೆರಡು ಗಾಡಿ ಕಸ ಸುರಿದದ್ದೂ ಇಲ್ಲ. ತಿಂಗಳಲ್ಲಿ ಮೂರು ಫೋಟೊ ತಪ್ಪಿದರೆ ಕಂಟ್ರಾಕ್ಟಿನ ಪಟ್ಟಿಯಿಂದ ಹೆಸರೇ ಹೋಗುತ್ತದೆ. ಅಂದರೆ, ಯೋಜನೆಯವರು ಹೇಳಿದ ಹಾಗೆ ನಡೆದುಕೊಂಡ ತಾಯಿ ಮೊದಲನೇ ವಾರದ ಶುಕ್ರವಾರವೇ ಕೆಲಸದಿಂದ ಹೊರಗೆ.

ಯೋಜನೆ ಮಾಡಿದವರು ಕೆಟ್ಟವರಲ್ಲ. ಊರಿನ ಒಂದು ಮಗುವೂ ಹಿಂದೆ ಬೀಳಬಾರದು ಅಂದವರು. ನೂರು ವಾರ್ಡಿಗೆ ನೂರು ಕೇಂದ್ರ ತೆರೆದವರು. ಹೆತ್ತವರನ್ನು ಹೊರಗಿಟ್ಟು ಮಕ್ಕಳನ್ನು ಬೆಳೆಸಲಾಗದು ಎಂದು ಗೋಡೆ ಗೋಡೆಗೆ ಬರೆಸಿದವರು. ಒಂಬತ್ತು ಗಂಟೆಗೆ ತಾವು ಮನೆಯಿಂದ ಹೊರಬಿದ್ದಾಗ ಊರು ಚೊಕ್ಕಟವಾಗಿ ಕಾಣುತ್ತದಲ್ಲ, ಅದು ಯಾರ ಗಂಟೆಯಿಂದ ಎಂದು ಅವರಲ್ಲಿ ಯಾರೂ ಕೇಳಿಕೊಂಡಿರಲಿಲ್ಲ, ಅಷ್ಟೇ.

ತುಳಸಿಮಣಿಯ ಮಗಳು ತನ್ಷಿಕಾಗೆ ಆಗ ಮೂರು ವರ್ಷ. ಬರುತ್ತಿದ್ದದ್ದು ನಾಲ್ಕು ಮಾತು. ಅಮ್ಮ, ಅತ್ತೆ, ಬನ್ನು, ಬೇಡ. ಮೂರು ವರ್ಷ ಅವಳು ಬೆಳೆದದ್ದು ಕಸದ ಗಾಡಿಯಲ್ಲಿ. ಎರಡು ಡ್ರಮ್ಮುಗಳ ನಡುವೆ ಗೋಣಿ ಹಾಸಿ, ಹಳೆ ಸೀರೆಯ ಸೆರಗಿನಿಂದ ಸೊಂಟಕ್ಕೆ ಕಟ್ಟಿ ಕೂರಿಸುತ್ತಿದ್ದಳು. ಅಪ್ಪ ಚಿನ್ನರಾಜು ಚರಂಡಿ ಲಾರಿಯ ಆಳು. ಅವನ ಹೊತ್ತೂ ಅದೇ ಹೊತ್ತು. ಒಂದು ದಿನ ಎರಡನೇ ಮಹಡಿಯಿಂದ ಯಾರೋ ಮಗುವಿನ ಹೇಲಿನ ಡೈಪರು ಎಸೆದರು. ಡ್ರಮ್ಮಿಗೆ ಗುರಿಯಿಟ್ಟದ್ದು ತನ್ಷಿಕಾಳ ತಲೆಯ ಮೇಲೆ ಬಿತ್ತು. ಕಿಟಕಿಯಲ್ಲಿ ಒಂದು ಮುಖ ಕಂಡಿತು. "ಅಯ್ಯೋ, ಅಲ್ಲಿ ಮಗು ಇರೋದು ಕಾಣ್ಲಿಲ್ಲ" ಅಂದಿತು. ಕಿಟಕಿ ಮುಚ್ಚಿತು. ತುಳಸಿಮಣಿ ತನ್ನ ಕೆಲಸದ ಕಿತ್ತಳೆ ಕೋಟಿನಿಂದ ಮಗುವಿನ ಕೂದಲು ಒರೆಸಿದಳು. ಕುಡಿಯುವ ನೀರಿನ ಬಾಟಲಿ ಪೂರಾ ಸುರಿದಳು. ಮಗು ಅಳಲೂ ಇಲ್ಲ. "ಬೇಡ" ಅಂದಿತು.

ಆ ವಾರವೇ ಕೇಂದ್ರದ ನರ್ಸು ಕಾಲೊನಿಗೆ ಬಂದು ಮಕ್ಕಳನ್ನು ಪರೀಕ್ಷೆ ಮಾಡಿದಳು. "ಈ ವಯಸ್ಸಿಗೆ ಇವಳು ಸಾಲುಸಾಲಾಗಿ ಮಾತಾಡ್ಬೇಕಿತ್ತು. ಮನೇಲಿ ಇವಳ ಜೊತೆ ಯಾರು ಮಾತಾಡ್ತೀರಾ?"

"ಗಾಡಿ ತಳ್ಳೋವಾಗ ಉಸಿರೇ ಸಾಲಲ್ಲ ಕಣಮ್ಮ. ಮಾತೆಲ್ಲಿಂದ ತರ್ಲಿ?"

ನರ್ಸು ತಲೆಯೆತ್ತಿ ಒಮ್ಮೆ ನೋಡಿದಳು. ಕೇಂದ್ರದ ಚೀಟಿ ಬರೆದು ಕೊಟ್ಟಳು. "ಇನ್ನೊಂದು ವರ್ಷ ಹೀಗೇ ಬಿಟ್ರೆ ಕಷ್ಟ ಆಗುತ್ತೆ. ಸೇರಿಸಿ."

ಸೇರಿಸುವುದು ಹೇಗೆ? ಗುಡಿಸುವ ಹೆಂಗಸರಲ್ಲಿ ಇಂಥದ್ದಕ್ಕೆಲ್ಲ ಒಂದು ದಾರಿ ಇದೆ. ಅದಕ್ಕೆ ಬದಲಿ ಅನ್ನುತ್ತಾರೆ. ಒಬ್ಬಳಿಗೆ ಜ್ವರ ಬಂದರೆ ಅವಳ ಅಕ್ಕ ಆ ಕೋಟು ಹಾಕಿಕೊಂಡು, ಆ ಹೆಸರಿನಲ್ಲಿ ಹೋಗಿ ಗುಡಿಸಿ ಬರುತ್ತಾಳೆ. ಮುಖಕ್ಕೆ ಸೆರಗು ಸುತ್ತಿರುತ್ತದೆ. ಫೋಟೊದಲ್ಲಿ ಕಾಣುವುದು ಕೋಟು ಮತ್ತು ಪೊರಕೆ. ಮೇಸ್ತ್ರಿಗೆ ಗೊತ್ತು. ಬೀದಿ ಗುಡಿಸಿದ್ದರೆ ಸಾಕು ಅವನಿಗೆ. ನಾದಿನಿ ಪೂಂಗೊಡಿಯ ಕಾಲಿಗೆ ಗಾಜು ಹೊಕ್ಕು ಕೀವಾದಾಗ ತುಳಸಿಮಣಿ ನಲವತ್ತು ದಿನ ಎರಡು ಕೋಟು ಹಾಕಿದ್ದಳು. ತನ್ನ ಬೀದಿ ಮುಗಿಸಿ, ಕೋಟು ಬದಲಿಸಿ, ಅವಳ ಬೀದಿ. ಕೊನೆಗೆ ಪೂಂಗೊಡಿಯ ಎರಡು ಬೆರಳು ತೆಗೆದರು. ಈಚೆಗೆ ಕೆಲಸವೂ ಹೋಯಿತು. ಅವಳಿಗೆ ಮಕ್ಕಳಿಲ್ಲ, ಗಂಡ ಬಿಟ್ಟು ಹೋಗಿದ್ದಾನೆ. ಅಣ್ಣನ ಮನೆಯಲ್ಲೇ ಇದ್ದಳು.

"ನೀನು ಹೋಗಿ ಕೂತ್ಕೋ ಪೂಂಗೊಡಿ. ನನ್ನ ಹೆಸರಲ್ಲಿ."

"ಅಲ್ಲಿ ಆಧಾರ್ ಕಾರ್ಡ್ ಕೇಳ್ತಾರೆ ಅತ್ತಿಗೆ."

"ಆ ಕಾರ್ಡಲ್ಲಿರೋ ಫೋಟೊ ನೋಡಿದ್ದೀಯಾ? ನಿಮ್ಮಣ್ಣನೇ ಯಾರಿದು ಅಂತ ಕೇಳಿದ್ದ."

ಇಬ್ಬರೂ ನಕ್ಕರು. ಬೀದಿ ಗುಡಿಸುವುದಕ್ಕೆ ಬದಲಿ ಹೋಗಬಹುದಾದರೆ ಚಾಪೆಯ ಮೇಲೆ ಕೂರುವುದಕ್ಕೆ ಯಾಕಾಗದು? ತುಳಸಿಮಣಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಹುಟ್ಟಿದಾಗಿನಿಂದ ಅವಳು ನೋಡಿದ ಲೋಕದಲ್ಲಿ ಗಂಟೆ ತುಂಬಬೇಕು, ಆಳು ಯಾರಾದರೂ ಆದೀತು.

ಒಂದೇ ಒಂದು ಪಾಠ ಹೇಳಿಕೊಡಬೇಕಾಯಿತು. "ಕಣ್ಣೇ, ಅಲ್ಲಿ ಅತ್ತೆ ಅನ್ಬಾರ್ದು. ಅಮ್ಮ ಅನ್ನು. ಇವಳನ್ನ ಅಮ್ಮ ಅನ್ನು, ಎಲ್ಲಿ?" ಮಗು ತಾಯಿಯನ್ನು ನೋಡಿತು, ಅತ್ತೆಯನ್ನು ನೋಡಿತು. ಮೂರು ದಿನ ಕಲಿಸಿದರು. ಒಂದು ಬನ್ನು ಹಿಡಿದು ಕಲಿಸಿದರು. ನಾಲ್ಕು ಮಾತು ಬರುವ ಮಗುವಿನಿಂದ ಒಂದು ಮಾತು ಕಿತ್ತುಕೊಂಡು ಬೇರೆಯವರಿಗೆ ಕೊಡಿಸಿದರು.

ಮಗು ಕಲಿಯಿತು. ಕೇಂದ್ರ ಒಳ್ಳೆಯದೇ ಇತ್ತು. ಮೂರು ತಿಂಗಳಲ್ಲಿ ತನ್ಷಿಕಾಗೆ ಕಾಗೆ ಬಂತು, ಬಸ್ಸು ಬಂತು, ಕೆಂಪು ಬಂತು, ನಂದು ಬಂತು. ಕೆನ್ನೆ ತುಂಬಿತು. ಪೂಂಗೊಡಿಯೂ ಬದಲಾದಳು. ಕುಂಟುತ್ತಾ ಹೋಗುವವಳು ತಲೆಗೆ ಹೂ ಮುಡಿದು ಹೋಗತೊಡಗಿದಳು.

"ಏನೇ, ಮದುವೆ ಮನೆಗೆ ಹೊರಟ ಹಾಗಿದೆ?" ಎಂದು, ನಸುಕಿಗೇ ಎದ್ದು ಹೂ ಕಟ್ಟುತ್ತಿದ್ದವಳನ್ನು ತುಳಸಿಮಣಿ ಕೆಣಕಿದಳು.

ಪೂಂಗೊಡಿ ನಗಲಿಲ್ಲ. "ಅಲ್ಲಿ ನನಗೆ 'ಬನ್ನಿ ಅಮ್ಮಾ, ಕೂತ್ಕೊಳ್ಳಿ' ಅಂತಾರೆ ಅತ್ತಿಗೆ. ನಮ್ಮನ್ನ ಯಾರು ಹಾಗಂತಾರೆ?"

ತುಳಸಿಮಣಿಗೆ ಎಲ್ಲೋ ಚುಚ್ಚಿತು. ಅದು ತನ್ನ ಪಾಲಿನ 'ಬನ್ನಿ'. ತಾನು ಹೆತ್ತದ್ದಕ್ಕೆ ಬಂದ 'ಬನ್ನಿ'. ಕೋಟಿನ ಗುಂಡಿ ಹಾಕಿಕೊಂಡು ಹೊರಟಳು.

ನಾಲ್ಕನೇ ತಿಂಗಳು ಮೇಸ್ತ್ರಿ ದುರೈಸಾಮಿ ಬೀದಿಗಳನ್ನು ಅದಲುಬದಲು ಮಾಡಿದ. ತುಳಸಿಮಣಿಗೆ ಮಿಲ್ ಆಫೀಸ್ ಬೀದಿ ಬಿತ್ತು. ಕೇಂದ್ರ ಇರುವ ಬೀದಿ.

"ಅಣ್ಣಾ, ಬೇರೆ ಕೊಡಿ."

"ಯಾಕೆ? ಅಲ್ಲಿ ನಾಯಿ ಕಚ್ಚುತ್ತಾ? ಎಲ್ಲಾರೂ ಆ ಬೀದಿ ಬೇಕು ಅಂತ ಕಿತ್ತಾಡ್ತಾರೆ, ನೆರಳಿದೆ ಅಂತ. ಇವಳೊಬ್ಬಳು ಮಹಾರಾಣಿ."

ಒಂಬತ್ತಕ್ಕೆ ಮೊದಲೇ ಆ ಕಡೆ ಮುಗಿಸಿ ಬೀದಿಯ ಇನ್ನೊಂದು ತುದಿಗೆ ಹೋಗಿಬಿಡುವುದೆಂದು ಅವಳು ಉಪಾಯ ಮಾಡಿದಳು. ಎಂಟು ದಿನ ನಡೆಯಿತು. ಒಂಬತ್ತನೇ ದಿನ, ಬುಧವಾರ, ಮದುವೆಮಂಟಪದ ಎಂಜಲೆಲೆ ರಾಶಿ ಬಿದ್ದಿತ್ತು. ಅದನ್ನು ಕೈಯಲ್ಲೇ ಬಳಿದು ತುಂಬುವಾಗ ಹೊತ್ತು ಹೋಯಿತು. ಕೇಂದ್ರದ ಗೇಟಿನ ಮುಂದೆ ಬಂದಾಗ ಒಂಬತ್ತೂ ಕಾಲು. ಅಂಗಳದಲ್ಲಿ ಮಕ್ಕಳು, ತಾಯಂದಿರು ಸುತ್ತ ನಿಂತಿದ್ದರು. ಕೈ ಕೈ ಹಿಡಿದು ಏನೋ ಆಡುತ್ತಿದ್ದರು. ತುಳಸಿಮಣಿಯ ಮೊಣಕೈವರೆಗೆ ಸಾರು, ಪಾಯಸ. ನೊಣ ಮುತ್ತಿದ್ದವು. ತಲೆ ತಗ್ಗಿಸಿ ಗಾಡಿ ತಳ್ಳಿದಳು.

"ಅದು ನಮ್ಮಮ್ಮ."

ಗಾಡಿ ನಿಂತಿತು.

ಅದು ತನ್ಷಿಕಾಳ ದನಿ. ಸ್ಪಷ್ಟವಾಗಿ, ಗಟ್ಟಿಯಾಗಿ. ಎರಡು ಮಾತು ಕೂಡಿಸಿ ಆಡಿದ್ದು ಅದೇ ಮೊದಲು. ಮೂರು ವರ್ಷ ಮೂರು ತಿಂಗಳು ಕಾದ ಮಾತು. ಗೇಟಿನ ಸರಳು ಹಿಡಿದು ನಿಂತು, ಇನ್ನೊಂದು ಕೈಯಿಂದ ತೋರಿಸಿ ಮಗು ಮತ್ತೆ ಹೇಳಿತು. "ಅದು ನಮ್ಮಮ್ಮ! ಅಮ್ಮಾ!"

ಗೋಮತಿ ಟೀಚರು ಬಂದು ಮಗುವಿನ ಕೈ ಬಿಡಿಸಿದಳು. "ಛೀ, ಹಾಗನ್ಬಾರ್ದು. ಅದು ಕಸದವಳು. ನಿನ್ನಮ್ಮ ಇಲ್ಲಿದ್ದಾರಲ್ಲ, ನೋಡು, ಹೂ ಮುಡ್ಕೊಂಡು." ತಾಯಂದಿರು ನಕ್ಕರು. ಯಾರೋ ಅಂದರು, "ಮಕ್ಕಳಿಗೇನು ಗೊತ್ತಾಗುತ್ತೆ, ಪಾಪ."

ಪೂಂಗೊಡಿ ನಗುತ್ತಿರಲಿಲ್ಲ. ಅವಳು ತುಳಸಿಮಣಿಯ ಮುಖ ನೋಡುತ್ತಿದ್ದಳು. ಏನು ಮಾಡಲಿ ಎಂದು ಕೇಳುವ ಹಾಗೆ.

ತುಳಸಿಮಣಿ ಸೆರಗನ್ನು ಮೂಗಿನ ಮೇಲಕ್ಕೆ ಎಳೆದುಕೊಂಡಳು. ಗಾಡಿ ತಳ್ಳಿಕೊಂಡು ಹೋದಳು. ತಿರುಗಿ ನೋಡಲಿಲ್ಲ.

ಬೀದಿಯ ತುದಿಯಲ್ಲಿ ಮೇಸ್ತ್ರಿ ಫೋಟೊ ಹೊಡೆದ. "ಸೆರಗು ತೆಗಿಯೇ, ಮುಖ ಕಾಣ್ಲಿ ಸ್ವಲ್ಪ." ಅವಳು ತೆಗೆಯಲಿಲ್ಲ.

ಡೈಪರು ಬಿದ್ದ ದಿನ ಅವಳಿಗೆ ಸಿಟ್ಟು ಬಂದಿತ್ತು. ಟೀಚರು ಛೀ ಅಂದದ್ದಕ್ಕೆ ಸಿಟ್ಟೂ ಬರಲಿಲ್ಲ. ಛೀ ಅಂದವಳು ಹೊರಗಿನವಳು. ತಿರುಗದೆ ಹೋದವಳು ತಾನು. ಊರು ಒಂದು ಸಲ ಕಸದವಳು ಅಂದರೆ, ತಾನು ಗಾಡಿ ತಳ್ಳಿ ಹೌದು ಅಂದಿದ್ದಳು. ಮಗುವಿನ ಮುಂದೆ ಅಂದಿದ್ದಳು. ಮಧ್ಯಾಹ್ನ ನಲ್ಲಿಯಲ್ಲಿ ಕೈ ತೊಳೆದಳು. ಸೋಪು ಹಾಕಿ ತೊಳೆದಳು.

ಮನೆಯಲ್ಲಿ ಮಗು ಮೂಲೆಯಲ್ಲಿ ಕೂತಿತ್ತು. "ಕಣ್ಣೇ" ಅಂದಳು. ಮಗು ಅವಳನ್ನು ನೋಡಿತು. ಬಾಯಿ ತೆರೆಯಲಿಲ್ಲ. ಮರುದಿನವೂ ಇಲ್ಲ. ಕಾಗೆ ಹೋಯಿತು, ಬಸ್ಸು ಹೋಯಿತು, ನಂದು ಹೋಯಿತು. ಅಮ್ಮ ಯಾರಿಗೂ ಇಲ್ಲವಾಯಿತು. ಹನ್ನೊಂದು ದಿನ ಆ ಮಗು ಮಾತಾಡಲಿಲ್ಲ.

"ನಾನು ಇನ್ಮೇಲೆ ಹೋಗಲ್ಲ ಅತ್ತಿಗೆ," ಅಂದಳು ಪೂಂಗೊಡಿ. "ಅವಳು ನನ್ನ ನೋಡೋ ನೋಟ ನನಗೆ ತಡ್ಕೊಳ್ಳೋಕಾಗಲ್ಲ."

"ಹೋಗದಿದ್ರೆ ಜಾಗ ಹೋಗುತ್ತೆ. ಜಾಗ ಹೋದ್ರೆ ಮಾತು ಕಲಿಸೋರು ಯಾರು?"

"ಜಾಗ ಇದ್ದು ಏನಾಯ್ತು?"

ಹಾಗಂದರೂ ಪೂಂಗೊಡಿ ಹೋಗುವುದು ಬಿಡಲಿಲ್ಲ. ತುಳಸಿಮಣಿ ಚಿನ್ನರಾಜುವಿಗೆ ಏನೂ ಹೇಳಿರಲಿಲ್ಲ. ಏನೆಂದು ಹೇಳುವುದು?

ಹನ್ನೆರಡನೇ ದಿನ ಸೋಮವಾರ. ಬೇರೆ ಊರುಗಳಿಂದ ಅಧಿಕಾರಿಗಳು ಕೇಂದ್ರ ನೋಡಲು ಬರುವವರಿದ್ದರು. ಆ ವಾರ್ಡಿನ ಕೇಂದ್ರದಲ್ಲಿ ಹೆತ್ತವರ ಹಾಜರಿ ಎಲ್ಲಕ್ಕಿಂತ ಜಾಸ್ತಿಯಂತೆ. ಗುಡಿಸುವವರನ್ನು ನಾಲ್ಕೂವರೆಗೇ ಇಳಿಸಿದರು. ಮಿಲ್ ಆಫೀಸ್ ಬೀದಿಯನ್ನು ಎರಡು ಸಲ ಗುಡಿಸಿ, ಬದಿಗೆ ಸುಣ್ಣ ಹಾಕಿದರು. ಎಂಟೂವರೆಗೆ ದುರೈಸಾಮಿ ಬಂದ.

"ಒಂಬತ್ತರಿಂದ ಹತ್ತೂವರೆ ತನಕ ಯಾರೂ ಕಣ್ಣಿಗೆ ಬೀಳ್ಬಾರ್ದು. ಗಾಡಿ, ಪೊರಕೆ, ನೀವು, ಎಲ್ಲಾ ಟ್ರಾನ್ಸ್‌ಫಾರ್ಮರ್ ಹಿಂದೆ. ಕೆಮ್ಮಲೂಬಾರ್ದು."

"ಉಚ್ಚೆ ಬಂದ್ರೆ?" ಎಂದು ಕೇಳಿದಳು ರಾಕ್ಕಾಯಿ. ಅವಳೇ ಆ ಗುಂಪಿನ ಹಿರಿಯಳು, ಮೂವತ್ತು ವರ್ಷ ಗುಡಿಸಿದವಳು.

"ಹಿಡ್ಕೋ."

"ಮೂವತ್ತು ವರ್ಷದಿಂದ ಹಿಡ್ಕೊಂಡೇ ಇದ್ದೀನಪ್ಪ. ಫೋಟೊ?"

"ಇವತ್ತು ಅಲ್ಲೇ ಬಂದು ಹೊಡೀತೀನಿ."

ಟ್ರಾನ್ಸ್‌ಫಾರ್ಮರಿನ ಹಿಂದೆ ಕೇಂದ್ರದ ಗೋಡೆ. ಗೋಡೆಯಲ್ಲಿ ಕಿಟಕಿ. ತುಳಸಿಮಣಿ ಅದರ ಕೆಳಗೆ ನೆಲದ ಮೇಲೆ ಕೂತಳು. ಕೂತಮೇಲೆ ಅವಳಿಗೆ ಹೊಳೆಯಿತು. ಕೆಲಸಕ್ಕೆ ಸೇರಿದ ಆರು ವರ್ಷದಲ್ಲಿ ಒಂಬತ್ತರಿಂದ ಹತ್ತು ತಾನು ಖಾಲಿ ಕೂತ ದಿನ ಇದೊಂದೇ. ಅಡಗಿಕೊಳ್ಳಲಿ ಎಂದು ಕೊಟ್ಟ ಗಂಟೆ.

ಒಳಗೆ ಚಪ್ಪಾಳೆ. ಮಕ್ಕಳ ಹಾಡು. ಆಮೇಲೆ ಒಂದು ಮೆತ್ತಗಿನ ದನಿ. ಅದು ಇಡೀ ಯೋಜನೆಯ ಮುಖ್ಯಸ್ಥೆ ಸುಭಾಷಿಣಿ ಮೇಡಂ ಅವರದು.

"ಇವರು ತುಳಸಿಮಣಿ. ಒಂದೇ ಒಂದು ಗಂಟೆಯೂ ತಪ್ಪಿಸದ ತಾಯಿ. ಕಾಲು ನೋವಿದ್ರೂ ನಡ್ಕೊಂಡೇ ಬರ್ತಾರೆ. ಬಾ ಪುಟ್ಟಿ, ನಿನ್ನ ಹೆಸರೇನು?"

ಮೌನ.

"ನಿನ್ನಮ್ಮ ಯಾರು, ತೋರ್ಸು?"

ಗೋಮತಿ ಟೀಚರು ಅವಸರದಲ್ಲಿ ಹೇಳಿದಳು, "ತುಂಬಾ ಚೆನ್ನಾಗಿ ಮಾತಾಡ್ತಿದ್ಲು ಮೇಡಂ. ಎರಡು ವಾರದಿಂದ ಯಾಕೋ ನಿಂತುಹೋಯ್ತು. ಮನೇಲಿ ಏನಾದ್ರೂ ಆಯ್ತಾ ತುಳಸಿಮಣಿ?"

ಪೂಂಗೊಡಿಯ ಸಣ್ಣ ದನಿ. "ಏನೂ ಇಲ್ಲ ಟೀಚರಮ್ಮ."

"ಏನೋ ಆಗಿರುತ್ತೆ," ಅಂದರು ಮೇಡಂ. "ಮಕ್ಕಳು ಸುಮ್‌ಸುಮ್ನೆ ಬಾಯಿ ಮುಚ್ಚಲ್ಲ. ಯಾರೋ ಅದರ ಮಾತಿಗೆ ಬೆಲೆ ಕೊಟ್ಟಿಲ್ಲ."

ತುಳಸಿಮಣಿ ಎದ್ದಳು. ರಾಕ್ಕಾಯಿ ಕೋಟು ಹಿಡಿದು ಜಗ್ಗಿದಳು. "ಎಲ್ಲಿಗೇ? ಹೊಟ್ಟೆಗೆ ಮಣ್ಣು ಹಾಕ್ಕೋತೀಯಾ? ಕೂತ್ಕೋ."

"ಬಿಡಕ್ಕಾ."

ಗೇಟು ತೆರೆದಿತ್ತು. ಅಂಗಳದ ನಲ್ಲಿಯಲ್ಲಿ ಕೈಕಾಲು ತೊಳೆದಳು. ಚಪ್ಪಲಿ ಬಿಟ್ಟಳು. ಕೋಟು ಬಿಚ್ಚಲು ಕೈ ಗುಂಡಿಗೆ ಹೋಯಿತು, ಬೇಡವೆಂದು ಬಿಟ್ಟಳು. ಒಳಗೆ ಹೋದಳು. ಬಣ್ಣದ ಚಾಪೆ, ಕಾಗದದ ಮೀನು, ಕುರ್ಚಿಗಳಲ್ಲಿ ಅಧಿಕಾರಿಗಳು. ಅವಳ ಮಗಳು ನಾಲ್ಕು ತಿಂಗಳು ಕೂತ ಜಾಗವನ್ನು ಅವಳು ನೋಡಿದ್ದು ಆವತ್ತೇ.

"ಏಯ್, ಯಾರಮ್ಮ ನೀನು? ಕಸದ ಡಬ್ಬ ಹೊರಗಿದೆ," ಅಂದಳು ಆಯಾ.

"ತುಳಸಿಮಣಿ ನಾನು."

ಯಾರಿಗೂ ಅರ್ಥವಾಗಲಿಲ್ಲ. ಅವಳು ಮತ್ತೆ ಹೇಳಿದಳು. "ತುಳಸಿಮಣಿ ನಾನು. ಇವಳು ನನ್ನ ನಾದಿನಿ, ಪೂಂಗೊಡಿ. ನನ್ನ ಬದಲಿಗೆ ಬಂದವಳು. ಈ ಮಗು ನಾನು ಹೆತ್ತದ್ದು."

ಪೂಂಗೊಡಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬಾಗಿಲಲ್ಲಿ ದುರೈಸಾಮಿ ಬಂದು ನಿಂತಿದ್ದ. "ಏಯ್ ತುಳಸಿ, ಆಚೆ ಬಾರೇ!" ಎಂದು ಹಲ್ಲು ಕಚ್ಚಿ ಕರೆದ.

"ಮೇಡಂ, ಮನೇಲಿ ಏನಾಯ್ತು ಅಂತ ಕೇಳಿದ್ರಲ್ಲ. ಮನೇಲಿ ಆಗ್ಲಿಲ್ಲ. ನಿಮ್ಮ ಗೇಟಿನ ಮುಂದೆ ಆಯ್ತು. ಇವಳು ನನ್ನ ನೋಡಿ ಅಮ್ಮ ಅಂತ ಕೂಗಿದ್ಲು. ನಿಮ್ಮ ಟೀಚರು ಅಲ್ಲ ಅಂದ್ರು. ನಾನೂ ಅಲ್ಲ ಅಂದೆ. ಬಾಯಲ್ಲಿ ಅನ್ಲಿಲ್ಲ. ಗಾಡಿ ತಳ್ಕೊಂಡು ಹೋದೆ."

ಮೇಡಂ ಅವರ ಮುಖ ಕೆಂಪಾಯಿತು. "ಮೊದಲೇ ಹೇಳಿದ್ರೆ ಏನಾದ್ರೂ ಮಾಡ್ತಿದ್ವಲ್ಲಮ್ಮ. ಅದಕ್ಕೇ ಅಲ್ವಾ ಹೆತ್ತವರ ಸಭೆ ಕರೆದದ್ದು?"

"ಆ ಸಭೆನೂ ಒಂಬತ್ತಕ್ಕೇ ಇತ್ತು ಮೇಡಂ."

ಕುರ್ಚಿಯಲ್ಲಿದ್ದ ಒಬ್ಬ ಅಧಿಕಾರಿ ಫೋನು ಎತ್ತಿದ. ಒಳ್ಳೆಯ ಚಿತ್ರ ಎಂದುಕೊಂಡನೋ ಏನೋ. ತುಳಸಿಮಣಿ ಅವನ ಕಡೆ ಬೆರಳು ಚಾಚಿದಳು.

"ಫೋಟೊ ಹೊಡೀಬೇಡಿ ಸಾರ್. ಒಂದು ಫೋಟೊಗೋಸ್ಕರಾನೇ ನಾನು ನನ್ನ ಮಗೂನ ಬಿಟ್ಟದ್ದು."

ಅವನು ಫೋನು ಇಳಿಸಿದ.

ಅವಳು ಮಗುವಿನ ಮುಂದೆ ಮೊಣಕಾಲೂರಿದಳು. ಮುಟ್ಟಲಿಲ್ಲ. "ತನ್ಷಿ, ಅವತ್ತು ನೀನು ಕರೆದೆ. ನನಗೆ ಕೇಳಿಸ್ತು. ಕೇಳಿಸಿದ್ರೂ ನಾನು ತಿರುಗಲಿಲ್ಲ. ನೀನು ಹೇಳಿದ್ದೇ ನಿಜ. ನಾನೇ ನಿನ್ನಮ್ಮ."

ಮಗು ಓಡಿಬರಲಿಲ್ಲ. ಪೂಂಗೊಡಿಯ ಸೀರೆ ಹಿಡಿದುಕೊಂಡು ಅವಳ ಹಿಂದೆ ಸರಿಯಿತು.

"ಆಯ್ತಲ್ಲ? ಹೊರಡು ಈಗ," ಅಂದ ದುರೈಸಾಮಿ. "ಹೊರಗೆ ಬಾ, ಮಾತಾಡೋಣ."

ತುಳಸಿಮಣಿ ಗೋಡೆಯ ಗಡಿಯಾರ ನೋಡಿದಳು. "ಇನ್ನೂ ಇಪ್ಪತ್ತು ನಿಮಿಷ ಇದೆ. ಇದು ನನ್ನ ಗಂಟೆ. ನಾನು ಹೋಗಲ್ಲ."

ಕಿತ್ತಳೆ ಕೋಟಿನಲ್ಲೇ, ಹಳದಿ ಚಾಪೆಯ ಮೇಲೆ, ಮಗುವಿನಿಂದ ಒಂದು ಮೊಳ ದೂರ ಕೂತಳು. ಯಾರೂ ಏಳಿಸಲಿಲ್ಲ. ಪಕ್ಕದ ಒಬ್ಬ ತಾಯಿ ತನ್ನ ಮಗುವನ್ನು ಎತ್ತಿ ಆಚೆ ಬದಿಗೆ ಕೂರಿಸಿಕೊಂಡಳು. ಇನ್ನೊಬ್ಬಳು ಬಣ್ಣದ ಕಡ್ಡಿಯ ಡಬ್ಬಿಯನ್ನು ತುಳಸಿಮಣಿಯ ಕಡೆ ತಳ್ಳಿದಳು. ಅವಳಿಗೆ ಅದರಲ್ಲಿ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕೈಯಲ್ಲಿ ಹಿಡಿದು ಕೂತಳು. ಹತ್ತು ಗಂಟೆಗೆ ಎದ್ದು ಹೋದಳು.

ಗೇಟಿನ ಹತ್ತಿರ ಗೋಮತಿ ಟೀಚರು ಹಿಂದಿನಿಂದ ಬಂದಳು. "ಅವಳು ತಾಯಿ ಅಲ್ಲ ಅಂತ ನನಗೆ ಮೊದಲನೇ ವಾರವೇ ಗೊತ್ತಾಗಿತ್ತಮ್ಮ," ಅಂದಳು ಮೆಲ್ಲಗೆ. "ಹಾಜರಿ ಕಮ್ಮಿಯಾದ್ರೆ ನನ್ನ ಕೇಂದ್ರಕ್ಕೆ ಕೆಂಪು ಗುರುತು ಬೀಳುತ್ತೆ. ಗಂಟೆ ತುಂಬ್ತಿತ್ತು, ನಾನು ಸುಮ್ನಿದ್ದೆ. ಆದ್ರೆ ನೀನೇ ತಾಯಿ ಅಂತ ನನಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಆ ಮಾತು ಅಂತಿರ್ಲಿಲ್ಲ."

"ನಾನು ತಾಯಿ ಅಲ್ಲದೆ ಬರೀ ಕಸದವಳೇ ಆಗಿದ್ರೆ ಅನ್ನಬಹುದಿತ್ತಾ ಟೀಚರಮ್ಮ?"

ಟೀಚರು ಗೇಟು ಹಾಕಿಕೊಂಡು ಒಳಗೆ ಹೋದಳು.

ಆ ದಿನದ ಫೋಟೊದಲ್ಲಿ ತುಳಸಿಮಣಿ ಇರಲಿಲ್ಲ. ಕೂಲಿ ಹೋಯಿತು. ಮೇಸ್ತ್ರಿಯ ಮಾತು ಮೀರಿದ್ದಕ್ಕೆ ಹದಿನೈದು ದಿನ ಕೆಲಸ ಕೊಡಲಿಲ್ಲ. ಸುಳ್ಳು ವಿವರ ಕೊಟ್ಟ ಕುಟುಂಬ ಎಂದು ತನ್ಷಿಕಾಳ ಹೆಸರು ಕೇಂದ್ರದಿಂದ ತೆಗೆದರು. ಸುಭಾಷಿಣಿ ಮೇಡಂ ಒಂದು ಸಲ ಕಾಲೊನಿಗೆ ಬಂದು, ನಿಯಮ ನಿಯಮವೇ, ನನ್ನ ಕೈಯಲ್ಲಿಲ್ಲ ಎಂದು ಹೇಳಿ, ತುಳಸಿಮಣಿ ಕೊಟ್ಟ ಟೀ ಕುಡಿದು ಹೋದರು. ಪೂಂಗೊಡಿ ಹೂ ಮುಡಿಯುವುದು ಬಿಟ್ಟಳು.

ಐದು ತಿಂಗಳಾದ ಮೇಲೆ, ಗುಡಿಸುವವರ ಕಾಲೊನಿಗಳ ಹತ್ತಿರದ ಹನ್ನೊಂದು ಕೇಂದ್ರಗಳಲ್ಲಿ ಸಂಜೆ ನಾಲ್ಕರಿಂದ ಐದು ಇನ್ನೊಂದು ಕುಟುಂಬದ ಗಂಟೆ ಶುರುವಾಯಿತು. ಎಪ್ಪತ್ತಕ್ಕೂ ಹೆಚ್ಚು ಮಕ್ಕಳು ಸೇರಿದರು. ರಾಕ್ಕಾಯಿಯ ಮೊಮ್ಮಗಳೂ ಸೇರಿದಳು. ಅವಳ ಪಕ್ಕ ಅವಳ ತಾಯಿಯೇ ಕೂರುತ್ತಾಳೆ, ಸ್ನಾನ ಮಾಡಿ, ತನ್ನದೇ ಹೆಸರಿನಲ್ಲಿ. ತನ್ಷಿಕಾಗೆ ಜಾಗ ಸಿಗಲಿಲ್ಲ. ಒಮ್ಮೆ ಹೆಸರು ತೆಗೆದವರಿಗೆ ಮತ್ತೆ ಕೊಡುವುದಿಲ್ಲ.

ಅವಳು ಈಗ ಮಾತಾಡುತ್ತಾಳೆ. ಮನೆಯೊಳಗೆ ತುಳಸಿಮಣಿಯನ್ನು ಅಮ್ಮ ಎಂದೇ ಕರೆಯುತ್ತಾಳೆ. ಬೀದಿಯಲ್ಲಿ ಎದುರಾದರೆ ಮಾತ್ರ ಕರೆಯುವುದಿಲ್ಲ.